ಹದ ಹಿಡಿಯುವ ವಿದ್ಯೆ

ಮಂಡ್ಯ ಸೀಮೆಯ ಆಲೆಮನೆಗೆ ಹೋದರೆ ಕೊನೆಯ ಹತ್ತು ನಿಮಿಷವನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಅದಕ್ಕೂ ಮೊದಲಿನದೆಲ್ಲ ತಾಳ್ಮೆಯ ಕೆಲಸ. ಕೊಪ್ಪರಿಗೆಗೆ ಕಬ್ಬಿನ ಹಾಲು ತುಂಬುವುದು, ಸುಣ್ಣ ಹಾಕುವುದು, ಬೆಂಡೆಗಿಡದ ಲೋಳೆ ಬಿಟ್ಟು ಮೇಲೆ ಬಂದ ಮಡ್ಡಿ ತೆಗೆಯುವುದು, ಒಲೆಯ ಬಾಯಿಗೆ ಒಣಸಿಪ್ಪೆ ತಳ್ಳುತ್ತ ಕೂರುವುದು. ಕೊನೆಗೊಮ್ಮೆ ಕುದಿಯ ಸದ್ದು ಬದಲಾಗುತ್ತದೆ. ಗುಳ್ಳೆಗಳು ದಪ್ಪಗಾಗಿ, ಒಡೆಯಲು ಮನಸ್ಸಿಲ್ಲದಂತೆ ನಿಧಾನಿಸುತ್ತವೆ. ಪಾಕ ನೋಡುವಾತ ಕೋಲಿನ ತುದಿಯಲ್ಲಿ ಒಂದಿಷ್ಟು ಎತ್ತಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಉಂಡೆ ಇನ್ನೂ ಮೆತ್ತಗಿದೆ, ಹದ ಬಂದಿಲ್ಲ. ಆದರೂ ಒಲೆಯವನಿಗೆ ಕೂಗಿ ಹೇಳುತ್ತಾನೆ: "ಸಾಕು ಕಣ್ಲಾ, ಉರಿ ಹಾಕ್ಬೇಡ."

ಹದ ಬರುವ ಮೊದಲೇ ಉರಿ ನಿಲ್ಲಿಸುತ್ತಾನಲ್ಲ, ಸ್ವಾರಸ್ಯ ಇರುವುದು ಅಲ್ಲೇ. ಒಲೆಯಲ್ಲಿ ಕೆಂಡವಿದೆ, ಕೊಪ್ಪರಿಗೆಯ ಮೈಯಲ್ಲಿ ಬಿಸಿಯಿದೆ. ಹದ ಬಂದಮೇಲೆ ಉರಿ ತೆಗೆದರೆ ಪಾಕ ಅದನ್ನು ದಾಟಿಹೋಗಿರುತ್ತದೆ. ಆತ ನೋಡುತ್ತಿರುವುದು ಈಗಿನ ಪಾಕವನ್ನು, ಲೆಕ್ಕ ಹಾಕುತ್ತಿರುವುದು ಇನ್ನೈದು ನಿಮಿಷದ ಮುಂದಿನ ಪಾಕವನ್ನು. ನಾನು ಕಾಲೇಜಿನಲ್ಲಿ ನಾಲ್ಕು ವರ್ಷ ಓದಿ, ಆಮೇಲೆ ಕೃಷ್ಣಾ ತೀರದ ಸಕ್ಕರೆ ಕಾರ್ಖಾನೆಗಳಲ್ಲಿ ಇನ್‌ಸ್ಟ್ರುಮೆಂಟ್ ಎಂಜಿನಿಯರನಾಗಿ ದುಡಿದು ಕಲಿತದ್ದರಲ್ಲಿ ಅರ್ಧ ಪಾಲು ಈ ಮನುಷ್ಯನಿಗೆ ಗೊತ್ತಿತ್ತು. ಉಳಿದರ್ಧ ಅವನಿಗೆ ಬೇಕಿರಲಿಲ್ಲ. ಅವನದು ಒಂದೇ ಕೊಪ್ಪರಿಗೆ.

ಕಾರ್ಖಾನೆಯದು ಒಂದೇ ಕೊಪ್ಪರಿಗೆಯಲ್ಲ. ದಿನಕ್ಕೆ ಸಾವಿರಾರು ಟನ್ ಕಬ್ಬು ಅರೆಯುವಲ್ಲಿ ಗಿರಣಿ, ಬಾಯ್ಲರ್, ಸುಣ್ಣ ಬೆರೆಸುವ ತೊಟ್ಟಿ, ರಸ ಇಂಗಿಸುವ ಪಾತ್ರೆಗಳ ಸಾಲು, ಹರಳು ಕಟ್ಟಿಸುವ ಪ್ಯಾನ್‌ಗಳು ಎಲ್ಲವೂ ಒಟ್ಟಿಗೆ ಓಡುತ್ತವೆ. ಪ್ರತಿಯೊಂದರಲ್ಲೂ ಹಿಡಿಯಬೇಕಾದ ಹದಗಳು ಹತ್ತಾರು. ಅಳೆಯಲು ಒಂದು ಸೆನ್ಸರ್, ಬೇಕಾದದ್ದಕ್ಕೂ ಇರುವುದಕ್ಕೂ ಎಷ್ಟು ಅಂತರ ಎಂದು ಲೆಕ್ಕ ಹಾಕಲು ಒಂದು ಕಂಟ್ರೋಲರ್, ಅದು ಹೇಳಿದಷ್ಟು ತೆರೆದು ಮುಚ್ಚಲು ಒಂದು ವಾಲ್ವ್. ಈ ಮೂರು ಸೇರಿದರೆ ನಮ್ಮ ಮಾತಿನಲ್ಲಿ ಒಂದು ಲೂಪ್. ವಿದ್ಯುತ್ತನ್ನೂ ಮಾರುವ ದೊಡ್ಡ ಕಾರ್ಖಾನೆಯಲ್ಲಿ ಇಂಥವು ನೂರರ ಲೆಕ್ಕದಲ್ಲಿ ಇರುತ್ತವೆ. ಕಂಟ್ರೋಲ್ ರೂಮಿಗೆ ಬಂದ ಅತಿಥಿಗಳಿಗೆ ಪರದೆಯ ಬಣ್ಣಗಳನ್ನು ನೋಡಿ ಎಲ್ಲ ಕಂಪ್ಯೂಟರೇ ಮಾಡುತ್ತದೆ ಅನ್ನಿಸುತ್ತದೆ. ಕಂಪ್ಯೂಟರು ಮಾಡುವುದು ಕೂಡು, ಕಳೆ, ಗುಣಿಸು. ಯಾವುದನ್ನು ಬಿಗಿ ಹಿಡಿಯಬೇಕು, ಯಾವುದನ್ನು ಸಡಿಲ ಬಿಡಬೇಕು, ಯಾವುದರ ತಂಟೆಗೇ ಹೋಗಬಾರದು ಎಂದು ಯಾರೋ ಮೊದಲೇ ಕೂತು ತೀರ್ಮಾನಿಸಿರುತ್ತಾರೆ. ಕಂಟ್ರೋಲ್ ಸಿಸ್ಟಂ ವಿನ್ಯಾಸ ಎನ್ನುವುದು ಆ ತೀರ್ಮಾನಕ್ಕೆ.

ಈ ಕೆಲಸದಲ್ಲಿ ದೊಡ್ಡ ಶತ್ರು ತಡ. ಬೆಂಗಳೂರಿನಲ್ಲಿ ಮಾಳಿಗೆಯ ಮೇಲೆ ಸೋಲಾರ್ ಹೀಟರ್ ಇರುವ ಮನೆಯಲ್ಲಿ ಸ್ನಾನ ಮಾಡಿದವರಿಗೆ ಇದು ಮೈಮೇಲಿನ ಅನುಭವ. ಬಿಸಿನೀರಿನ ನಲ್ಲಿ ತಿರುಗಿಸುತ್ತೀರಿ, ಪೈಪಿನಲ್ಲಿ ರಾತ್ರಿ ನಿಂತಿದ್ದ ತಣ್ಣೀರು ಬರುತ್ತದೆ. ಸಾಲದೆಂದು ಇನ್ನಷ್ಟು ತಿರುಗಿಸುತ್ತೀರಿ. ಇದ್ದಕ್ಕಿದ್ದಂತೆ ಸುಡುನೀರು. ಹೌಹಾರಿ ತಣ್ಣೀರು ಬಿಡುತ್ತೀರಿ, ಸ್ವಲ್ಪ ಹೊತ್ತಿಗೆ ನಡುಕ. ನೀವು ಒಬ್ಬ ಕೆಟ್ಟ ಕಂಟ್ರೋಲರ್. ನಿಮ್ಮ ಲೆಕ್ಕವೇನೂ ತಪ್ಪಿರಲಿಲ್ಲ. ಮಾಡಿದ್ದರ ಫಲ ಕಾಣುವ ಮೊದಲೇ ಮತ್ತೊಂದು ಮಾಡಿದಿರಿ, ಅಷ್ಟೆ. ಕಾರ್ಖಾನೆಯಲ್ಲಿ ಈ ತಡ ಕೆಲವೆಡೆ ಸೆಕೆಂಡುಗಳದು, ಕೆಲವೆಡೆ ಗಂಟೆಗಳದು. ಸುಣ್ಣ ಬೆರೆತ ರಸ ತಿಳಿಯಾಗುವ ದೊಡ್ಡ ತೊಟ್ಟಿಗೆ ಹೋದರೆ ಹೊರಬರಲು ಎರಡು ಮೂರು ಗಂಟೆ ಹಿಡಿಯುತ್ತದೆ. ಅಲ್ಲಿಂದ ಬಂದ ರಸದ ಬಣ್ಣ ನೋಡಿ ಸುಣ್ಣ ಸರಿಪಡಿಸಲು ಹೊರಟವನು ಊಟಕ್ಕೆ ಮುಂಚಿನ ತಪ್ಪಿಗೆ ಊಟವಾದ ಮೇಲೆ ಶಿಕ್ಷೆ ಕೊಡುತ್ತಿರುತ್ತಾನೆ.

ತಡದ ಜೊತೆ ಬಾಳುವ ಸೂತ್ರಕ್ಕೆ ಪಿಐಡಿ ಎಂದು ಹೆಸರು. 1922ರಲ್ಲಿ ನಿಕೊಲಸ್ ಮಿನೋರ್ಸ್ಕಿ ಎಂಬ ರಷ್ಯನ್ ಮೂಲದ ಅಮೆರಿಕನ್ ಎಂಜಿನಿಯರ್ ಹಡಗು ನಡೆಸುವ ಯಂತ್ರದ ಬಗ್ಗೆ ಬರೆಯುವಾಗ ಚುಕ್ಕಾಣಿ ಹಿಡಿದವರನ್ನು ಗಮನಿಸಿದ. ಹಡಗು ಈಗ ಎಷ್ಟು ವಾಲಿದೆ ಎಂಬುದಷ್ಟನ್ನೇ ಅವರು ನೋಡುತ್ತಿರಲಿಲ್ಲ. ಎಷ್ಟು ಹೊತ್ತಿನಿಂದ ವಾಲುತ್ತ ಬಂದಿದೆ, ಎಷ್ಟು ಬೇಗ ವಾಲುತ್ತಿದೆ ಎಂಬುದನ್ನೂ ಕೈಯಲ್ಲೇ ತೂಗುತ್ತಿದ್ದರು. ಈಗಿನ ತಪ್ಪು, ಹಳೇ ಬಾಕಿ, ತಪ್ಪು ಬೆಳೆಯುವ ವೇಗ. ಮೂರಕ್ಕೂ ಒಂದೊಂದು ತೂಕ ಕೊಟ್ಟು ಕೂಡಿದರೆ ಬರುವುದೇ ವಾಲ್ವಿಗೆ ಹೋಗುವ ಆಜ್ಞೆ. ಇವತ್ತಿಗೂ ಜಗತ್ತಿನ ಕಾರ್ಖಾನೆಗಳ ಬಹುಪಾಲು ಲೂಪ್‌ಗಳನ್ನು ಈ ಮೂರೇ ಸಂಖ್ಯೆಗಳು ನಡೆಸುತ್ತಿವೆ. ಆ ಸಂಖ್ಯೆಗಳನ್ನು ಆರಿಸುವುದು ಹೇಗೆಂದು 1942ರಲ್ಲಿ ಜೀಗ್ಲರ್ ಮತ್ತು ನಿಕೊಲ್ಸ್ ಎಂಬಿಬ್ಬರು ಒಂದು ಒರಟು ಉಪಾಯ ಹೇಳಿಕೊಟ್ಟರು. ಲೂಪ್ ತಾನಾಗಿ ಒಂದೇ ಸಮನೆ ತೂಗಾಡುವವರೆಗೆ ಅದರ ಕೈಬಲ ಹೆಚ್ಚಿಸಿ, ಆಮೇಲೆ ಅರ್ಧದ ಆಸುಪಾಸಿಗೆ ಇಳಿಸಿ. ಓಡುವ ಕಾರ್ಖಾನೆಯನ್ನು ಬೇಕೆಂದೇ ತೂಗಾಡಿಸಲು ಯಾವ ಮ್ಯಾನೇಜರನೂ ಒಪ್ಪುವುದಿಲ್ಲ, ಅದು ಬೇರೆ ಮಾತು. ನಾವು ಮಾಡುತ್ತಿದ್ದದ್ದು ಮ್ಯಾನೇಜರ್ ಊಟಕ್ಕೆ ಹೋದಾಗ.

ಮೂರರಲ್ಲಿ ಹಳೇ ಬಾಕಿಯದೇ ತಕರಾರು ಹೆಚ್ಚು. ವಾಲ್ವ್ ಪೂರ್ತಿ ತೆರೆದುಕೊಂಡಿದೆ, ಇನ್ನು ತೆರೆಯಲು ಏನೂ ಉಳಿದಿಲ್ಲ ಎಂದಿಟ್ಟುಕೊಳ್ಳಿ. ಕಂಟ್ರೋಲರಿಗೆ ಅದು ತಿಳಿಯದಿದ್ದರೆ ಬಾಕಿ ಬರೆಯುತ್ತಲೇ ಹೋಗುತ್ತದೆ. ಹದ ಬಂದು ಮೀರಿದ ಮೇಲೂ ಆ ಸಾಲ ತೀರುವ ತನಕ ವಾಲ್ವ್ ಮುಚ್ಚುವುದಿಲ್ಲ. ಮೊದಲ ಸೀಸನ್ನಿನಲ್ಲಿ ಇದರಿಂದ ಒಂದು ತೊಟ್ಟಿ ಉಕ್ಕಿ ನನ್ನ ಬೂಟಿನ ಮೇಲೆಯೇ ಹರಿದಿತ್ತು.

ಸೂತ್ರ ಗೊತ್ತಿದ್ದರೆ ಸಾಲದು, ಅದು ನೋಡುತ್ತಿರುವುದು ನಿಜವೇ ಎಂದೂ ಕೇಳಬೇಕು. ಇದನ್ನು ಕಲಿಸುವುದರಲ್ಲಿ ಬಾಯ್ಲರ್ ಡ್ರಮ್ಮಿನಂಥ ಮೇಷ್ಟ್ರಿಲ್ಲ. ಡ್ರಮ್ ಎಂದರೆ ಬಾಯ್ಲರಿನ ನೆತ್ತಿಯಲ್ಲಿ ಅಡ್ಡ ಮಲಗಿದ ದಪ್ಪ ಉಕ್ಕಿನ ಕೊಳವೆ. ಅದರಲ್ಲಿ ಸುಮಾರು ಅರ್ಧಕ್ಕೆ ನೀರು, ಮೇಲೆ ಉಗಿ. ನೀರು ತೀರ ಇಳಿದರೆ ಕೆಳಗಿನ ಟ್ಯೂಬುಗಳು ಸುಟ್ಟುಹೋಗುತ್ತವೆ. ತೀರ ಏರಿದರೆ ಉಗಿಯ ಜೊತೆ ನೀರೂ ಹೋಗಿ ಟರ್ಬೈನಿನ ಅಲಗುಗಳಿಗೆ ಬಡಿಯುತ್ತದೆ. ಮಟ್ಟ ಅಳೆ, ಇಳಿದರೆ ನೀರು ಬಿಡು, ಏರಿದರೆ ಕಡಿಮೆ ಮಾಡು. ಮೂರನೇ ಕ್ಲಾಸಿನ ಮಗುವೂ ಬರೆಯಬಹುದಾದ ಲೂಪ್ ಇದು.

ಹಾಗೆ ಬರೆದರೆ ಬಾಯ್ಲರ್ ಉಳಿಯುವುದಿಲ್ಲ. ಗಿರಣಿ ಇದ್ದಕ್ಕಿದ್ದಂತೆ ಹೆಚ್ಚು ಉಗಿ ಎಳೆದುಕೊಂಡಿತು ಎನ್ನಿ. ಡ್ರಮ್ಮಿನ ಒತ್ತಡ ಕುಸಿಯುತ್ತದೆ. ಒತ್ತಡ ಕುಸಿದೊಡನೆ ಕುದಿಯುತ್ತಿರುವ ನೀರಿನೊಳಗಿನ ಗುಳ್ಳೆಗಳೆಲ್ಲ ಹಿಗ್ಗುತ್ತವೆ, ಹೊಸ ಗುಳ್ಳೆಗಳೂ ಏಳುತ್ತವೆ. ಉಕ್ಕುವ ಹಾಲಿನ ಹಾಗೆ ನೀರಿನ ಮಟ್ಟ ಮೇಲೇರುತ್ತದೆ. ಡ್ರಮ್ಮಿನಿಂದ ನೀರು ಖಾಲಿಯಾಗುತ್ತಿದೆ, ಮೀಟರು ಮಾತ್ರ ತುಂಬುತ್ತಿದೆ ಎನ್ನುತ್ತಿದೆ. ನಮ್ಮ ಮುಗ್ಧ ಕಂಟ್ರೋಲರು ಮೀಟರನ್ನು ನಂಬಿ ನೀರು ಕಡಿಮೆ ಮಾಡುತ್ತದೆ, ಅದೂ ಹೆಚ್ಚು ಬೇಕಾದ ಹೊತ್ತಿನಲ್ಲೇ. ಗುಳ್ಳೆಗಳು ಅಡಗಿದಾಗ ನಿಜವಾದ ಮಟ್ಟ ಬಯಲಾಗುತ್ತದೆ, ಅದು ಪಾತಾಳದಲ್ಲಿರುತ್ತದೆ. ಆಗ ಗಾಬರಿಯಿಂದ ತಣ್ಣನೆಯ ನೀರು ಸುರಿದರೆ ಗುಳ್ಳೆಗಳು ಕುಗ್ಗಿ ಮಟ್ಟ ಇನ್ನೂ ಇಳಿದಂತೆ ಕಾಣುತ್ತದೆ. ಉಕ್ಕಿದ ಹಾಲಿಗೆ ಒಂದು ಚಮಚ ನೀರು ಚಿಮುಕಿಸಿದರೆ ಕೂತುಬಿಡುವುದನ್ನು ಅಡುಗೆಮನೆಯಲ್ಲಿ ಎಲ್ಲರೂ ನೋಡಿರುತ್ತೇವೆ. ಅದು ಹಾಲು ಕಡಿಮೆಯಾದದ್ದಲ್ಲವೆಂದು ನಮಗೆ ಗೊತ್ತು, ಕಂಟ್ರೋಲರಿಗೆ ಗೊತ್ತಿಲ್ಲ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಅಂಗಡಿಯ ಲೆಕ್ಕದ ಪುಸ್ತಕದಷ್ಟು ಸರಳ. ಗಲ್ಲಾಪೆಟ್ಟಿಗೆಯನ್ನಷ್ಟೇ ಇಣುಕಬೇಡ, ಜಮಾ ಖರ್ಚು ನೋಡು. ಎಷ್ಟು ಉಗಿ ಹೊರಗೆ ಹೋಯಿತೋ ಅಷ್ಟು ತೂಕದ ನೀರನ್ನು ಒಳಗೆ ಬಿಡು. ಮಟ್ಟದ ಮೀಟರನ್ನು ಕೊನೆಯ ಸಣ್ಣ ತಿದ್ದುಪಡಿಗೆ ಮಾತ್ರ ಬಳಸು. ಉಗಿಯ ಹರಿವು, ನೀರಿನ ಹರಿವು, ಮಟ್ಟ ಈ ಮೂರನ್ನೂ ನೋಡುವುದರಿಂದ ಇದಕ್ಕೆ ತ್ರೀ ಎಲಿಮೆಂಟ್ ಕಂಟ್ರೋಲ್ ಎನ್ನುತ್ತಾರೆ. 67, 87 ಕೆ.ಜಿ. ಒತ್ತಡದ ಇಂದಿನ ಬಾಯ್ಲರುಗಳು ಇದಿಲ್ಲದೆ ಒಂದು ಪಾಳಿ ಓಡಲಾರವು.

ಸುಣ್ಣದ ಮಾತು ಅರ್ಧಕ್ಕೆ ನಿಂತಿತ್ತು. ಹಿಂಡಿದ ರಸ ಹುಳಿ ಗುಣದ್ದು. ಹಾಗೇ ಬಿಸಿ ಮಾಡಿದರೆ ಸಕ್ಕರೆ ಒಡೆದು ಹರಳುಗಟ್ಟದ ಸಕ್ಕರೆಯಾಗುತ್ತದೆ. ಸುಣ್ಣ ಹೆಚ್ಚಾದರೆ ರಸ ಕಪ್ಪಿಡುತ್ತದೆ. ಪಿಎಚ್ 7ರ ಆಸುಪಾಸಿನಲ್ಲೇ ನಿಲ್ಲಬೇಕು. ಆದರೆ ಪಿಎಚ್ ಎನ್ನುವುದು ನೇರ ದಾರಿಯಲ್ಲ, ಮೆಟ್ಟಿಲಿರುವ ದಾರಿ. ಹುಳಿ ಜಾಸ್ತಿಯಿರುವಾಗ ಒಂದು ಬಿಂದಿಗೆ ಸುಣ್ಣದ ಹಾಲು ಸುರಿದರೂ ಮುಳ್ಳು ಅಲ್ಲಾಡುವುದಿಲ್ಲ. ನಡುವಿನ ಹತ್ತಿರ ಬಂದಾಗ ಒಂದು ಚೊಂಬೂ ಹೆಚ್ಚೇ. ಒಂದು ಕಡೆ ಸೋಮಾರಿಯಾಗಿ ಕಾಣುವ ಕಂಟ್ರೋಲರ್ ಇನ್ನೊಂದು ಕಡೆ ಹುಚ್ಚನಂತೆ ಕುಣಿಯುತ್ತದೆ. ಮೇಲಾಗಿ ಅಳೆಯುವ ಗಾಜಿನ ಎಲೆಕ್ಟ್ರೋಡಿಗೆ ಸುಣ್ಣವೂ ಮಡ್ಡಿಯೂ ಕಟ್ಟಿಕೊಳ್ಳುತ್ತವೆ. ಪಾಳಿಗೊಮ್ಮೆ ತೊಳೆಯುವ ಹುಡುಗ ರಜೆ ಹಾಕಿದ ದಿನ ಯಾವ ಸೂತ್ರವೂ ಕೆಲಸಕ್ಕೆ ಬಾರದು. ಹೊಸ ಎಂಜಿನಿಯರುಗಳಿಗೆ ನಾನು ಹೇಳುತ್ತಿದ್ದೆ, ಡ್ರಾಯಿಂಗಿನಲ್ಲಿ ಎಲೆಕ್ಟ್ರೋಡ್ ಬರೆಯುವಾಗ ಅದರ ಪಕ್ಕ ಒಂದು ನಲ್ಲಿಯನ್ನೂ ನಿಲ್ಲಲು ಒಂದು ಮೆಟ್ಟಿಲನ್ನೂ ಬರೆಯಿರಿ ಎಂದು.

ಇಲ್ಲಿಯವರೆಗೆ ಬಿಡಿ ಲೂಪ್‌ಗಳ ಮಾತಾಯಿತು. ನಿಜವಾದ ಕಷ್ಟ ಇವು ಒಂದಕ್ಕೊಂದು ಬಾಲ ಕಚ್ಚಿಕೊಂಡಿರುವುದರಲ್ಲಿದೆ. ಕಬ್ಬು ಅರೆದರೆ ಸಿಪ್ಪೆ. ಸಿಪ್ಪೆ ಉರಿದರೆ ಉಗಿ. ಉಗಿಯಿಂದ ಟರ್ಬೈನ್, ಟರ್ಬೈನಿನಿಂದ ಗಿರಣಿಗೆ ಬಲ. ಟರ್ಬೈನಿನಿಂದ ಹೊರಬಂದ ಬಳಸಿದ ಉಗಿಯಲ್ಲಿ ರಸ ಇಂಗುತ್ತದೆ. ರಸದಿಂದೆದ್ದ ಆವಿಯಲ್ಲಿ ಪ್ಯಾನ್ ಕುದಿಯುತ್ತದೆ. ಇಂಗಿಸುವ ಪಾತ್ರೆಗಳೂ ಹಾಗೆಯೇ, ಮೊದಲನೆಯದರ ಆವಿ ಎರಡನೆಯದಕ್ಕೆ ಬೆಂಕಿ, ಎರಡನೆಯದರದು ಮೂರನೆಯದಕ್ಕೆ. ಒಂದೊಂದರಲ್ಲೂ ಒತ್ತಡ ಹಿಂದಿನದಕ್ಕಿಂತ ಕಡಿಮೆ. ಹೀಗಾಗಿ ಒಂದು ಕೆ.ಜಿ. ಉಗಿಯಿಂದ ನಾಲ್ಕು ಪಾತ್ರೆಗಳಲ್ಲಿ ಹತ್ತಿರಹತ್ತಿರ ನಾಲ್ಕು ಕೆ.ಜಿ. ನೀರು ಆರುತ್ತದೆ. ಈ ಏರ್ಪಾಡಿಗೆ 1843ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಲೂಸಿಯಾನಾದ ನಾರ್ಬರ್ಟ್ ರಿಲ್ಯೂ, ಆಫ್ರಿಕನ್ ಮೂಲದ ತಾಯಿಯ ಮಗ. ಮನುಷ್ಯರನ್ನೇ ಮಾರಿ ಕೊಳ್ಳುತ್ತಿದ್ದ ಕಬ್ಬಿನ ನಾಡಿನಲ್ಲಿ ಹುಟ್ಟಿದ ಆ ಬುದ್ಧಿಗೆ ಇಂದಿನ ಎಲ್ಲ ಸಕ್ಕರೆ ಕಾರ್ಖಾನೆಗಳೂ ಋಣಿ.

ಆದರೆ ಮಿತವ್ಯಯಕ್ಕೆ ಬೆಲೆಯಿದೆ. ಏನನ್ನೂ ಪೋಲು ಮಾಡದ ಕಾರ್ಖಾನೆಯಲ್ಲಿ ಯಾವ ತೊಂದರೆಯೂ ಪೋಲಾಗುವುದಿಲ್ಲ. ಮಳೆಯಲ್ಲಿ ನೆನೆದ ಸಿಪ್ಪೆ ಬಾಯ್ಲರಿಗೆ ಬಿದ್ದರೆ ಒತ್ತಡ ಇಳಿದು, ಗಿರಣಿ ನಿಧಾನವಾಗಿ, ಸಿಪ್ಪೆ ಇನ್ನಷ್ಟು ಒದ್ದೆ ಬಂದು, ಅದೇ ಮತ್ತೆ ಬಾಯ್ಲರಿಗೆ ಬೀಳುತ್ತದೆ. ಊರ ಸುತ್ತಿ ಬಂದ ಚಾಡಿಮಾತಿನ ಹಾಗೆ ತೊಂದರೆ ಹೊರಟಲ್ಲಿಗೇ ಬೆಳೆದು ಬರುತ್ತದೆ.

ಇದನ್ನು ತಡೆಯಲು ಇರುವುದು ಟ್ಯಾಂಕುಗಳು. ಇದು ನನಗೆ ತಿಳಿದದ್ದು ಸ್ವಲ್ಪ ಮಾನ ಹೋದಮೇಲೆ. ತಿಳಿರಸದ ಟ್ಯಾಂಕಿನ ಮಟ್ಟದ ಲೂಪನ್ನು ಟ್ಯೂನ್ ಮಾಡಲು ಹೇಳಿದ್ದರು. ಎರಡು ದಿನ ಕೂತು ಎಷ್ಟು ಬಿಗಿ ಮಾಡಿದೆನೆಂದರೆ ರೆಕಾರ್ಡರಿನ ಕಾಗದದ ಮೇಲೆ ಶಾಯಿಯ ಗೆರೆ ಸ್ಕೇಲಿಟ್ಟು ಎಳೆದಂತೆ ಬಂತು, 50 ಪರ್ಸೆಂಟಿಗೆ. ಕಾಗದವನ್ನು ಹರಿದುಕೊಂಡು ಚೀಫ್ ಎಂಜಿನಿಯರರ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿದರು. "ತಮ್ಮಾ, ಗೆರಿ ಭಾಳ ಚಂದ ಬಂದೈತಿ. ಆದ್ರ ಆ ಟ್ಯಾಂಕ್ ಯಾಕ ಕಟ್ಟೇವಿ, ಹೇಳು ನೋಡೋಣು?" ನನ್ನಲ್ಲಿ ಉತ್ತರವಿರಲಿಲ್ಲ. ಅವರು ಪಕ್ಕದ ರೆಕಾರ್ಡರ್ ತೋರಿಸಿದರು. ಟ್ಯಾಂಕಿನಿಂದ ಮುಂದೆ ರಸ ಹೋಗುವ ಹರಿವಿನ ಗೆರೆ ಗರಗಸದ ಹಲ್ಲಿನಂತಿತ್ತು. ಗಿರಣಿಯ ಕಡೆಯಿಂದ ಬಂದ ಪ್ರತಿ ಏರುಪೇರನ್ನೂ ನಾನು ಟ್ಯಾಂಕಿನಲ್ಲಿ ತಡೆಯದೆ ಹಾಗೇ ಇಂಗಿಸುವ ಪಾತ್ರೆಗಳ ಮೇಲೆ ಎಸೆದಿದ್ದೆ. ಪಾತ್ರೆಗಳು ಏರುಪೇರಾದರೆ ಆವಿ, ಆವಿಯಿಂದ ಪ್ಯಾನ್, ಪ್ಯಾನಿನಿಂದ ಬಾಯ್ಲರ್. ಒಂದು ಸುಂದರ ಗೆರೆಗಾಗಿ ಇಡೀ ಕಾರ್ಖಾನೆಯನ್ನು ನಡುಗಿಸಿದ್ದೆ.

ಊರ ಕೆರೆಯನ್ನು ನೋಡಿ ಬೆಳೆದವನಿಗೆ ಇದು ಹೊಳೆಯದೇ ಹೋಯಿತಲ್ಲ ಎಂದು ಆಮೇಲೆ ನಾಚಿಕೆಯಾಯಿತು. ಕೆರೆಯ ಮಟ್ಟ ಒಂದೇ ಸಮ ಇರಬೇಕೆಂದು ಯಾವ ನೀರುಗಂಟಿಯೂ ಹಟ ಹಿಡಿಯುವುದಿಲ್ಲ. ಮಳೆ ಬಂದಾಗ ಏರಲಿ, ಬೇಸಗೆಯಲ್ಲಿ ಇಳಿಯಲಿ, ತೂಬಿನಿಂದ ಗದ್ದೆಗೆ ಹೋಗುವ ನೀರು ಸಮನಾಗಿರಬೇಕು. ಕೆರೆ ಇರುವುದೇ ಏರಿಳಿಯಲು. ಟ್ಯಾಂಕಿನ ಲೂಪನ್ನು ಬೇಕೆಂದೇ ಸೋಮಾರಿಯಾಗಿಸಿದೆ, ಮಟ್ಟ 30ರಿಂದ 70ರವರೆಗೆ ಓಡಾಡಲು ಬಿಟ್ಟೆ. ಗೆರೆ ನೋಡಲು ಅಸಹ್ಯವಾಯಿತು, ಕಾರ್ಖಾನೆ ಶಾಂತವಾಯಿತು. ಇವತ್ತಿಗೂ ಹೊಸದಾಗಿ ವಿನ್ಯಾಸಕ್ಕೆ ಕೂತವರು ಎಲ್ಲವನ್ನೂ ಬಿಗಿಹಿಡಿಯಲು ಹೊರಡುತ್ತಾರೆ. ಎಲ್ಲೆಲ್ಲಿ ಹಗ್ಗ ಸಡಿಲ ಬಿಡಬಹುದು ಎಂಬ ಪಟ್ಟಿಯನ್ನು ಮೊದಲು ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ತೈಲ ಶುದ್ಧೀಕರಣದವರು 1970ರ ದಶಕದಿಂದ ಇನ್ನೊಂದು ದಾರಿಯನ್ನೂ ಹಿಡಿದರು. ಇಡೀ ಘಟಕದ ನಡತೆಯ ಗಣಿತದ ಮಾದರಿಯೊಂದನ್ನು ಕಂಪ್ಯೂಟರಿಗೆ ಕೊಟ್ಟು, ಚದುರಂಗದ ಆಟಗಾರನಂತೆ ಹಲವು ನಡೆ ಮುಂದೆ ಯೋಚಿಸಿ, ಮೊದಲ ನಡೆಯನ್ನು ಮಾತ್ರ ನಡೆಸಿ, ಮತ್ತೆ ಹೊಸದಾಗಿ ಯೋಚಿಸುವಂತೆ ಮಾಡಿದರು. ಅದ್ಭುತವಾದ ಉಪಾಯ, ಮಾದರಿ ಸರಿಯಿರುವ ತನಕ. ಪಾತ್ರೆಯ ಒಳಮೈಗೆ ಕಿಟ್ಟ ಕಟ್ಟಿದ ಹಾಗೆಲ್ಲ ಮಾದರಿ ಹಳತಾಗುತ್ತದೆ.

ಅಳೆಯಲಾಗದ ಹದಗಳೂ ಇವೆ. ಪ್ಯಾನ್ ಅಂಥದ್ದು. ಗಾಳಿ ತೆಗೆದ ಆ ದೊಡ್ಡ ಪಾತ್ರೆಯಲ್ಲಿ ಪಾಕ 65-70 ಡಿಗ್ರಿಯಲ್ಲೇ ಕುದಿಯುತ್ತದೆ, ಹೀಗಾಗಿ ಕಮರುವುದಿಲ್ಲ. ನೀರು ಆರುತ್ತ ಬಂದಂತೆ ಪಾಕ ತಾನು ಹೊರಬಹುದಾದುದಕ್ಕಿಂತ ಹೆಚ್ಚು ಸಕ್ಕರೆಯನ್ನು ಹೊತ್ತುಕೊಳ್ಳುತ್ತದೆ. ಆ ಹೊರೆ ಸ್ವಲ್ಪವೇ ಹೆಚ್ಚಿದ್ದಾಗ ಇರುವ ಹರಳುಗಳು ಬೆಳೆಯುತ್ತವೆ, ಹೊಸವು ಹುಟ್ಟುವುದಿಲ್ಲ. ಆಗ ನುಣ್ಣಗೆ ಅರೆದ ಸಕ್ಕರೆಯನ್ನು ಸ್ಪಿರಿಟಿನಲ್ಲಿ ಕಲಸಿ ಬೀಜದಂತೆ ಒಳಗೆ ಬಿಡುತ್ತಾರೆ. ಹೊರೆ ಇನ್ನೂ ಹೆಚ್ಚಾಗಲು ಬಿಟ್ಟರೆ ಹೊಸ ಹರಳುಗಳು ಮುತ್ತಿಕೊಂಡು ಹುಟ್ಟುತ್ತವೆ, ಸಣ್ಣ ಪುಡಿ, ಜೋನಿಯಿಂದ ಬೇರ್ಪಡಿಸಲು ಬಾರದಂಥದ್ದು. ಈ ಎರಡು ಗೆರೆಗಳ ನಡುವಿನ ಓಣಿ ಬಹಳ ಇಕ್ಕಟ್ಟು. ವಿದ್ಯುತ್ ಹರಿಸಿ ನೋಡುವ ಸಾಧನ, ಬೆಳಕು ಬಗ್ಗಿಸಿ ನೋಡುವ ಸಾಧನ, ಮೈಕ್ರೋವೇವ್ ಬಳಸುವ ಸಾಧನ ಎಲ್ಲವೂ ಬಂದಿವೆ. ಒಂದೊಂದೂ ಹದದ ನೆರಳನ್ನು ಅಳೆಯುತ್ತದೆ, ಹದವನ್ನಲ್ಲ. ಕಬ್ಬಿನ ತಳಿ ಬದಲಾದರೆ, ಕಡಿದ ಕಬ್ಬು ಗಾಡಿಯಲ್ಲೇ ಮೂರು ದಿನ ನಿಂತಿದ್ದರೆ ನೆರಳು ಬೇರೆಯಾಗುತ್ತದೆ.

ಪ್ಯಾನ್‌ಮನ್‌ನ ಹತ್ತಿರ ಇರುವುದು ಒಂದು ಗಾಜಿನ ತುಂಡು. ಪ್ಯಾನಿನ ಮೈಗೆ ಕೂರಿಸಿದ ಸಲಾಕೆಯನ್ನು ಎಳೆದು, ಬಂದ ಪಾಕವನ್ನು ಗಾಜಿಗೆ ಸವರಿ, ದೀಪಕ್ಕೆ ಹಿಡಿದು ನೋಡುತ್ತಾನೆ. ಹೆಬ್ಬೆರಳು ತೋರುಬೆರಳ ನಡುವೆ ಎಳೆ ಎಳೆದು ನೋಡುತ್ತಾನೆ. ನಾವು ಹೊಸ ಸಾಧನ ಹಾಕಿದ ವರ್ಷ ಹಿರಿಯ ಪ್ಯಾನ್‌ಮನ್ ಒಬ್ಬರು ಪರದೆಯನ್ನೂ ಗಾಜನ್ನೂ ಒಂದೊಂದು ಸಲ ನೋಡಿ, "ಸಾಹೇಬ್ರ, ನಿಮ್ಮ ಮೀಟರ್ ಬಂತು ಅನ್ನಾಕತ್ತೈತ್ರಿ, ಕಾಳು ಬಂದಿಲ್ರಿ" ಅಂದರು. ಅವರ ಮಾತೇ ಸರಿಯಾಗಿತ್ತು. ಹಾಗೆಂದು ಯಂತ್ರ ಬೇಡವೆಂದು ನಾನು ವಾದಿಸುವವನಲ್ಲ. ಬೀಜ ಬಿಟ್ಟಮೇಲೆ ಎರಡು ಮೂರು ಗಂಟೆ ರಸವನ್ನು ಒಂದೇ ಸಮನೆ ಉಣಿಸುವುದರಲ್ಲಿ ಕಂಟ್ರೋಲರನ್ನು ಮೀರಿಸುವ ಮನುಷ್ಯ ಇಲ್ಲ. ಮನುಷ್ಯನಿಗೆ ಬೇಸರವಾಗುತ್ತದೆ, ಚಹಾ ಬರುತ್ತದೆ. ಆದ್ದರಿಂದ ನಾವು ಕೆಲಸ ಹಂಚಿದೆವು. ಬೀಜ ಯಾವಾಗ ಎನ್ನುವುದು ಗಾಜಿನದು, ಆಮೇಲಿನದು ಕಂಪ್ಯೂಟರಿನದು. ಪರದೆಯ ಮೇಲೆ ಪ್ಯಾನ್‌ಮನ್‌ಗಾಗಿಯೇ ಒಂದು ಗುಂಡಿ ಇಟ್ಟೆವು.

ಮೀಟರ್ ಸುಳ್ಳು ಹೇಳಿದಾಗ ಸಕ್ಕರೆಯವನಿಗೆ ಒಂದು ಪ್ಯಾನ್ ನಷ್ಟ. ತೈಲದವನಿಗೆ ಹಾಗಲ್ಲ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ ಬಿಪಿ ಕಂಪನಿಯ ರಿಫೈನರಿಯ ಒಂದು ಘಟಕವನ್ನು ದುರಸ್ತಿಯ ನಂತರ ಮತ್ತೆ ಚಾಲೂ ಮಾಡುತ್ತಿದ್ದರು. 170 ಅಡಿ ಎತ್ತರದ ಗೋಪುರ, ಅದರ ಬುಡದಲ್ಲಿ ಕೆಲವೇ ಅಡಿ ದ್ರವ ಇರಬೇಕು. ದ್ರವ ಒಳಗೆ ಹೋಗುತ್ತಲೇ ಇತ್ತು, ಹೊರಗೆ ಹೋಗುವ ದಾರಿ ಗಂಟೆಗಟ್ಟಲೆ ಮುಚ್ಚಿತ್ತು. ಮಟ್ಟದ ಮೀಟರು ಬುಡದ ಭಾಗವನ್ನು ಮಾತ್ರ ಅಳೆಯಬಲ್ಲದಾಗಿತ್ತು. ದ್ರವದಲ್ಲಿ ಮುಳುಗಿದ ಬೊಡ್ಡೆಯೊಂದು ಎಷ್ಟು ಹಗುರಾಯಿತು ಎಂಬುದರಿಂದ ಮಟ್ಟ ಹೇಳುವ ಸಾಧನ ಅದು. ಬೊಡ್ಡೆ ಪೂರ್ತಿ ಮುಳುಗಿದ ಮೇಲೆ ಅದು ಹೇಳುವುದು ಮಟ್ಟವನ್ನಲ್ಲ, ದ್ರವದ ಸಾಂದ್ರತೆಯನ್ನು. ಗೋಪುರ ಬಿಸಿಯಾದಂತೆ ದ್ರವ ಹಗುರವಾಯಿತು. ಹೀಗಾಗಿ ಮೀಟರು ಮಟ್ಟ ಇಳಿಯುತ್ತಿದೆ ಎಂದು ತೋರಿಸತೊಡಗಿತು. ನಿಜವಾದ ಮಟ್ಟ 158 ಅಡಿ ಮುಟ್ಟಿದಾಗ ಪರದೆಯ ಮೇಲೆ ಇದ್ದದ್ದು 7.9 ಅಡಿ.

ಎಚ್ಚರಿಸಬೇಕಿದ್ದ ಎರಡನೇ ಅಲಾರ್ಮ್ ಮೊಳಗಲೇ ಇಲ್ಲ. ಒಳಗೆ ಬಂದದ್ದೆಷ್ಟು ಎನ್ನುವುದು ಒಂದು ಪರದೆಯಲ್ಲಿ, ಹೊರಗೆ ಹೋದದ್ದೆಷ್ಟು ಎನ್ನುವುದು ಇನ್ನೊಂದರಲ್ಲಿ ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟಿದ್ದರೆ ಯಾವ ಮೀಟರಿನ ಹಂಗೂ ಇಲ್ಲದೆ ಗೋಪುರ ತುಂಬುತ್ತಿರುವುದು ಗೊತ್ತಾಗುತ್ತಿತ್ತು. ಡ್ರಮ್ಮಿನ ಜಮಾ ಖರ್ಚಿನ ಪಾಠವೇ ಅದು. ಪರದೆಯ ಮುಂದಿದ್ದ ಆಪರೇಟರ್ ಒಬ್ಬನೇ ಮೂರು ಘಟಕಗಳನ್ನು ನೋಡುತ್ತಿದ್ದ. ಅವನಿಗದು ರಜೆಯಿಲ್ಲದೆ 29ನೇ ದಿನದ ಹನ್ನೆರಡು ಗಂಟೆಯ ಪಾಳಿ. ಗೋಪುರ ತುಂಬಿ, ದ್ರವ ನೆತ್ತಿಯ ಪೈಪಿಗೆ ಉಕ್ಕಿ, ಸುರಕ್ಷಾ ವಾಲ್ವುಗಳು ತೆರೆದುಕೊಂಡವು. ಅವುಗಳಿಂದ ಹೊರಟದ್ದು ಹೋಗಿ ಸೇರಿದ್ದು ಬಯಲಿಗೆ ಬಾಯ್ತೆರೆದ ಒಂದು ಹಳೆಯ ಚಿಮಣಿಗೆ. ಅಲ್ಲಿಂದ ಕಾರಂಜಿಯಂತೆ ಚಿಮ್ಮಿ ನೆಲಕ್ಕೆ ಬಿದ್ದ ದ್ರವದ ಆವಿಗೆ ಕಿಡಿ ತಗಲಿತು. 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು.

ನಮ್ಮ ಕೆರೆ ಕಟ್ಟಿದವರಿಗೆ ಕೋಡಿ ಯಾಕೆಂದು ಗೊತ್ತಿತ್ತು. ತೂಬು ನೀರುಗಂಟಿಯ ಕೈಯಲ್ಲಿ, ಕೋಡಿ ಯಾರ ಕೈಯಲ್ಲೂ ಇಲ್ಲ. ನೀರುಗಂಟಿ ಜಾತ್ರೆಗೆ ಹೋಗಿರಲಿ, ಮಲಗಿರಲಿ, ಲೆಕ್ಕ ತಪ್ಪಿರಲಿ, ನೀರು ಆ ಕಲ್ಲಿನ ಮಟ್ಟಕ್ಕೆ ಬಂದರೆ ತಾನೇ ಹರಿದುಹೋಗುತ್ತದೆ. ಕೋಡಿಯ ಕೆಳಗೆ ಹಳ್ಳವೊಂದು ಇದ್ದೇ ಇರುತ್ತದೆ, ಅಲ್ಲಿ ಮನೆ ಕಟ್ಟುವುದಿಲ್ಲ. ಟೆಕ್ಸಾಸ್ ಸಿಟಿಯಲ್ಲಿ ಕೋಡಿ ಇತ್ತು. ಹಳ್ಳ ಇರಲಿಲ್ಲ, ಕೋಡಿಯ ಕೆಳಗೆ ಗುತ್ತಿಗೆ ಕೆಲಸದವರ ತಾತ್ಕಾಲಿಕ ಕೊಠಡಿಗಳಿದ್ದವು. ಸತ್ತವರು ಅಲ್ಲಿದ್ದವರು. ಇಂದಿನ ವಿನ್ಯಾಸದಲ್ಲಿ ನಿಯಂತ್ರಣದ ಕಂಪ್ಯೂಟರು ಬೇರೆ, ಅಪಾಯ ಬಂದಾಗ ಎಲ್ಲವನ್ನೂ ನಿಲ್ಲಿಸುವ ಸಾಧನ ಬೇರೆ. ಅದರ ಸೆನ್ಸರು ಬೇರೆ, ವಾಲ್ವು ಬೇರೆ, ತಂತಿಯೂ ಬೇರೆ. ಖರ್ಚಿನ ಸಭೆಯಲ್ಲಿ "ಒಂದೇ ಮೀಟರನ್ನು ಎರಡಕ್ಕೂ ಬಳಸಬಹುದಲ್ಲ" ಎನ್ನುವವರು ಪ್ರತಿ ಸಲ ಒಬ್ಬರಾದರೂ ಇರುತ್ತಾರೆ. ತೂಬಿನಲ್ಲೇ ಕೋಡಿ ಮಾಡಬಹುದಲ್ಲ ಎಂದು ಕೇಳಿದ ಹಾಗೆ ಅದು.

ಎಂಜಿನಿಯರುಗಳ ಮಾತು ಬಂದಲ್ಲೆಲ್ಲ ವಿಶ್ವೇಶ್ವರಯ್ಯನವರನ್ನು ಎಳೆದು ತರುವ ಚಟ ನಮಗಿದೆ. ಇಲ್ಲಿ ಮಾತ್ರ ತರಲೇಬೇಕು. 1903ರಲ್ಲಿ ಪುಣೆಯ ಹತ್ತಿರ ಖಡಕವಾಸ್ಲಾ ಜಲಾಶಯಕ್ಕೆ ಅವರು ಕೂರಿಸಿದ ಗೇಟುಗಳಿಗೆ ಮೋಟರೂ ಇರಲಿಲ್ಲ, ಕಾವಲುಗಾರನೂ ಬೇಕಿರಲಿಲ್ಲ. ನೀರು ತುಂಬುವ ಮಟ್ಟ ಮೀರಿದೊಡನೆ ಆ ನೀರಿನ ಬಲದಿಂದಲೇ ತೇಲುಗುಂಡು, ಎದುರುಭಾರಗಳು ಸರಿದು ಗೇಟು ತೆರೆಯುತ್ತಿತ್ತು. ಪ್ರವಾಹ ಇಳಿದಾಗ ತಾನೇ ಮುಚ್ಚುತ್ತಿತ್ತು. ಅಣೆಕಟ್ಟನ್ನು ಎತ್ತರಿಸದೆ ಹೆಚ್ಚು ನೀರು ಹಿಡಿದದ್ದು ಹೀಗೆ. ಅದೇ ಬಗೆಯ ಗೇಟುಗಳು ಮುಂದೆ ಕನ್ನಂಬಾಡಿಗೂ ಬಂದವು. ಸೆನ್ಸರ್, ಕಂಟ್ರೋಲರ್, ವಾಲ್ವ್ ಮೂರೂ ಒಂದೇ ಕಬ್ಬಿಣದಲ್ಲಿ.

ಅಲಾರ್ಮಿನ ಬಗ್ಗೆ ಒಂದು ಮಾತು. ಹಿಂದೆ ಹೊಸ ಅಲಾರ್ಮ್ ಬೇಕೆಂದರೆ ಪ್ಯಾನೆಲ್ ಕೊರೆದು, ದೀಪ ಕೂರಿಸಿ, ತಂತಿ ಎಳೆಯಬೇಕಿತ್ತು. ಹಾಗಾಗಿ ಯೋಚಿಸಿ ಹಾಕುತ್ತಿದ್ದರು. 1975ರಲ್ಲಿ ಕಂಪ್ಯೂಟರ್ ಆಧಾರಿತ ವ್ಯವಸ್ಥೆಗಳು ಮಾರುಕಟ್ಟೆಗೆ ಬಂದಮೇಲೆ ಅಲಾರ್ಮ್ ಎನ್ನುವುದು ಟೈಪ್ ಮಾಡಿದರೆ ಮುಗಿಯುವ ಕೆಲಸವಾಯಿತು. ಬೇಕಾದ್ದಕ್ಕೆ ಬೇಡದ್ದಕ್ಕೆಲ್ಲ ಅಲಾರ್ಮ್. 1994ರ ಜುಲೈ 24ರಂದು ವೇಲ್ಸಿನ ಮಿಲ್ಫರ್ಡ್ ಹೇವನ್ ರಿಫೈನರಿಯಲ್ಲಿ ಸಿಡಿಲಿನಿಂದ ಶುರುವಾದ ಅವಾಂತರ ಸ್ಫೋಟದಲ್ಲಿ ಮುಗಿಯಿತು. ಸ್ಫೋಟಕ್ಕೆ ಮುಂಚಿನ 11 ನಿಮಿಷದಲ್ಲಿ ಇಬ್ಬರು ಆಪರೇಟರುಗಳ ಮುಂದೆ ಬಂದ ಅಲಾರ್ಮುಗಳು 275. ತೆರೆದಿದೆ ಎಂದು ಪರದೆ ಹೇಳುತ್ತಿದ್ದ ವಾಲ್ವೊಂದು ಮುಚ್ಚಿತ್ತು. ಆ ಒಂದು ಸತ್ಯ 275ರ ಕೆಳಗೆಲ್ಲೋ ಹೂತುಹೋಗಿತ್ತು. ಯಾರೂ ಸಾಯಲಿಲ್ಲ, 26 ಮಂದಿ ಗಾಯಗೊಂಡರು. ಆಮೇಲೆ ಬಂದ ಮಾರ್ಗದರ್ಶಿ ಪ್ರಕಾರ ಮಾಮೂಲಿ ದಿನದಲ್ಲಿ ಒಬ್ಬ ಆಪರೇಟರಿಗೆ ಹತ್ತು ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಅಲಾರ್ಮ್ ಬರಬಾರದು. ನಮ್ಮ ಕಂಟ್ರೋಲ್ ರೂಮುಗಳಲ್ಲಿ ಹೋಗಿ ನಿಂತರೆ ಹತ್ತು ನಿಮಿಷಕ್ಕೆ ಎಷ್ಟು ಸಲ ಕೀಂಯ್ ಎನ್ನುತ್ತದೆ, ಆಪರೇಟರ್ ನೋಡದೆಯೇ ಎಷ್ಟು ಸಲ ಗುಂಡಿ ಒತ್ತುತ್ತಾನೆ ಎಂದು ಎಣಿಸಬಹುದು.

ನಿವೃತ್ತನಾದ ಮೇಲೂ ಸೀಸನ್ನಿನಲ್ಲಿ ಸಲಹೆಗೆ ಕರೆಯುತ್ತಾರೆ. ಬಾಯ್ಲರ್ ಪ್ರದೀಪನ ಸಮಾರಂಭದಲ್ಲಿ ಶಾಲು ಹೊದೆಸುವ ದಿನ ಏನೂ ಗೊತ್ತಾಗುವುದಿಲ್ಲ. ಹಗಲು ಹನ್ನೊಂದಕ್ಕೆ ಹೋದರೂ ಅಷ್ಟೆ, ನಾನು ಬರುತ್ತೇನೆಂದು ಗೊತ್ತಾಗಿ ಎಲ್ಲ ಲೂಪ್‌ಗಳೂ ಆಟೊದಲ್ಲಿರುತ್ತವೆ. ಅದಕ್ಕೇ ರಾತ್ರಿ ಎರಡಕ್ಕೆ ಹೋಗಿ, ಎಷ್ಟನ್ನು ಮ್ಯಾನ್ಯುವಲ್‌ಗೆ ಹಾಕಿ ಕೈಯಲ್ಲೇ ನಡೆಸುತ್ತಿದ್ದಾರೆ ಎಂದು ಎಣಿಸುತ್ತೇನೆ. ಹೋದ ಸೀಸನ್ನಿನಲ್ಲಿ ಒಂದು ಕಡೆ ರಸದ ಹರಿವಿನ ಲೂಪು ಮ್ಯಾನ್ಯುವಲ್‌ನಲ್ಲಿತ್ತು. ಆಟೊಗೆ ಹಾಕಿದರೆ ಗೆರೆ ಅಲೆ ಅಲೆಯಾಗುತ್ತಿತ್ತು. ಎಂಜಿನಿಯರುಗಳು ವಾರವಿಡೀ ಆ ಮೂರು ಸಂಖ್ಯೆಗಳನ್ನು ತಿದ್ದಿ ನೋಡಿದ್ದರು. ಪಾಳಿಯ ಹುಡುಗ, "ವಾಲ್ವ್ ಹಿಡ್ಕೋತೈತ್ರಿ ಸರ್, ಒಮ್ಮೆಲೆ ಜಿಗಿತೈತ್ರಿ" ಅಂದ. ಟಾರ್ಚ್ ಹಿಡಿದು ಫಿಟರನ ಜೊತೆ ಕೆಳಗಿಳಿದೆವು. ರಸ ಸೋರದಿರಲೆಂದು ಯಾರೋ ಗ್ಲ್ಯಾಂಡಿನ ನಟ್ಟನ್ನು ಬಲವಾಗಿ ಬಿಗಿದಿದ್ದರು. ಫಿಟರ್ ಅರ್ಧ ಸುತ್ತು ಸಡಿಲಿಸಿ, ಸುತ್ತ ಒಂದಿಷ್ಟು ಗ್ರೀಸ್ ಬಳಿದ. ಮೇಲೆ ಬಂದು ಆಟೊಗೆ ಹಾಕಿದರೆ ಅಲೆ ಅರ್ಧಕ್ಕರ್ಧ ಇಳಿದಿತ್ತು. ಉಳಿದರ್ಧದ ಕಾರಣ ಇನ್ನೂ ಸಿಕ್ಕಿಲ್ಲ. ಸೀಸನ್ ಮುಗಿದು ವಾಲ್ವ್ ಬಿಚ್ಚಿದಾಗ ಫೋನ್ ಮಾಡುತ್ತೇನೆಂದು ಆ ಹುಡುಗ ಹೇಳಿದ್ದಾನೆ.